ನೀರು ಕೊಡುತ್ತೇನೆ ಎಂದು ಬಂದವರಿಗೆ ಏನು ಕೇಳಬೇಕು? ಪುಣೆಯ ನಮ್ಮವರಿಗೆ ಒಂದಿಷ್ಟು ಮಾತು

ಇಂಡಿ, ಸಿಂದಗಿ, ಜೇವರ್ಗಿ ಕಡೆಯಿಂದ ಬಂದು ಪುಣೆಯಲ್ಲಿ ನೆಲೆನಿಂತ ನಮ್ಮ ಜನರಲ್ಲಿ ಎಷ್ಟೋ ಮಂದಿಯ ಹೆಸರು ಇನ್ನೂ ಊರಿನ ಮತದಾರರ ಪಟ್ಟಿಯಲ್ಲೇ ಇದೆ. ಪುಣೆ ಮಹಾನಗರಪಾಲಿಕೆ ಚುನಾವಣೆಯಲ್ಲಿ ಮತ ಹಾಕಬೇಕೆಂದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ. ವಿಳಾಸ ಬದಲಿಸಲು ಫಾರ್ಮ್ 8 ತುಂಬಬೇಕು. ಮಹಾನಗರಪಾಲಿಕೆಗೆಂದು ಬೇರೆ ಪಟ್ಟಿ ಬರೆಯುವುದಿಲ್ಲ. ಒಂದು ಗೊತ್ತಾದ ದಿನಾಂಕದವರೆಗಿನ ವಿಧಾನಸಭೆಯ ಪಟ್ಟಿಯನ್ನೇ ಪ್ರಭಾಗವಾರು, ಅಂದರೆ ವಾರ್ಡ್‌ವಾರು ಒಡೆಯುತ್ತಾರೆ. ಚುನಾವಣೆ ಘೋಷಣೆಯಾದ ಮೇಲೆ ಓಡಾಡಿ ಉಪಯೋಗವಿಲ್ಲ.

ನಾನು ಧಾಯರಿಯಲ್ಲಿ ಖಾನಾವಳಿ ನಡೆಸುವವಳು. ನೀರಿಲ್ಲದ ದಿನ ಒಲೆ ಹಚ್ಚಿ ಪ್ರಯೋಜನವಿಲ್ಲ. ಅದಕ್ಕೇ ಮತ ಕೇಳಲು ಬಂದವರ ಜೊತೆ ಮೊದಲು ನೀರಿನ ಮಾತೇ ತೆಗೆಯುತ್ತೇನೆ. ಧಾಯರಿ 2017ರಲ್ಲಿ ಪಾಲಿಕೆಗೆ ಸೇರಿತು, ನಾಂದೇಡ್ ಮತ್ತು ಕಿರ್ಕಟವಾಡಿ 2021ರಲ್ಲಿ. ಖಡಕ್‌ವಾಸಲಾ ಅಣೆಕಟ್ಟು ಇದೇ ದಿಕ್ಕಿಗಿದ್ದರೂ ಈ ಭಾಗದಲ್ಲಿ ಟ್ಯಾಂಕರ್ ಓಡಾಟ ನಿಂತಿಲ್ಲ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಸುತ್ತ ಜಿಬಿಎಸ್ (ಗಿಲಾನ್-ಬಾರೆ ಸಿಂಡ್ರೋಮ್) ಎಂಬ ನರಗಳ ಕಾಯಿಲೆ ಹರಡಿ, ಕೈಕಾಲು ಬಲ ಕಳೆದುಕೊಂಡು ಜನ ವೆಂಟಿಲೇಟರ್ ಸೇರಿದಾಗ ಎಲ್ಲರ ಅನುಮಾನ ಹೋದದ್ದು ಕುಡಿಯುವ ನೀರಿನ ಮೇಲೆಯೇ. ಹಾಗಾಗಿ ಎಷ್ಟು ತಾಸು ನೀರು ಬಿಡುತ್ತೀರಿ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಆ ನೀರು ಶುದ್ಧೀಕರಣ ಕೇಂದ್ರದಿಂದ ಬರುತ್ತದೋ, ಬಾವಿಯಿಂದ ಬರೀ ಬ್ಲೀಚಿಂಗ್ ಪೌಡರ್ ಹಾಕಿಸಿಕೊಂಡು ಬರುತ್ತದೋ? ಗಟಾರದ ಪೈಪು ನೀರಿನ ಪೈಪಿನ ಮಗ್ಗುಲಲ್ಲೇ ಹೋಗಿದ್ದರೆ ಯಾವಾಗ ಬದಲಿಸುತ್ತೀರಿ? ಇವನ್ನು ಕೇಳಲೇಬೇಕು.

'ಇಪ್ಪತ್ನಾಲ್ಕು ತಾಸು ನೀರು' ಎಂಬ ಮಾತು ಎಲ್ಲರ ಜಾಹೀರನಾಮೆಯಲ್ಲೂ (ಚುನಾವಣಾ ಪ್ರಣಾಳಿಕೆ) ಇರುತ್ತದೆ. ಅದು ಪಾಲಿಕೆಯ ಹಳೆಯ ಯೋಜನೆ; ಟಾಕಿ ಕಟ್ಟುವುದು, ದೊಡ್ಡ ಪೈಪು ಹಾಕುವುದು, ಮನೆಮನೆಗೆ ಮೀಟರ್ ಕೂಡಿಸುವುದು, ಎಲ್ಲ ಅದರೊಳಗೇ ಬರುತ್ತದೆ. ಖಡಕ್‌ವಾಸಲಾ, ಪಾನ್‌ಶೇತ್, ವರಸಗಾವ್, ಟೇಮ್‌ಘರ್ ಅಣೆಕಟ್ಟುಗಳಿಂದ ಪುಣೆಗೆ ಎಷ್ಟು ನೀರು ಎನ್ನುವುದನ್ನು ನಗರಸೇವಕರು (ನಾವು ಆರಿಸುವ ಪಾಲಿಕೆ ಸದಸ್ಯರು) ತೀರ್ಮಾನಿಸುವುದಿಲ್ಲ, ಅದು ರಾಜ್ಯ ಸರ್ಕಾರದ ಕೈಯಲ್ಲಿದೆ. ಆದರೆ ನಿಮ್ಮ ಗಲ್ಲಿಯ ಪೈಪಿಗೆ ಹಣ ಹಾಕಿಸುವುದು, ಅರ್ಧಕ್ಕೆ ನಿಂತ ಟಾಕಿಯ ಬೆನ್ನು ಹತ್ತುವುದು ಅವರದೇ ಕೆಲಸ. ಮರಾಠಿ ಅಷ್ಟು ಬಾರದಿದ್ದರೆ ಇಷ್ಟನ್ನು ಬಾಯಿಪಾಠ ಮಾಡಿಕೊಳ್ಳಿ: "ದಾದಾ, ಪಾಣೀ ಕುಠಲ್ಯಾ ಟಾಕೀತೂನ್ ಯೇಣಾರ್, ಕಧೀ ಯೇಣಾರ್?" ಯಾವ ಟಾಕಿಯಿಂದ, ಯಾವಾಗ ಎಂದರ್ಥ. ಟಾಕಿಯ ಹೆಸರು ಹೇಳಲು ಬಾರದ ಅಭ್ಯರ್ಥಿ ನಮ್ಮ ಓಣಿಯ ನೀರಿನ ಬಗ್ಗೆ ಓದಿಕೊಂಡು ಬಂದಿಲ್ಲ ಎಂದೇ ನಾನು ತಿಳಿಯುತ್ತೇನೆ.

ಕರೆಂಟ್ ಬಿಲ್ ಇಳಿಸುತ್ತೇನೆ ಎಂದರೆ ನಂಬಬೇಡಿ. ಕರೆಂಟ್ ರಾಜ್ಯದ ವಿದ್ಯುತ್ ಕಂಪನಿ ಮಹಾವಿತರಣದ್ದು, ಪಾಲಿಕೆಯದಲ್ಲ. ಬೀದಿದೀಪ ಮಾತ್ರ ಪಾಲಿಕೆಯ ಜವಾಬ್ದಾರಿ. ಮನೆ ತೆರಿಗೆಯ ದೊಡ್ಡ ರಿಯಾಯಿತಿಗಳೂ ಮುಂಬೈಯಲ್ಲೇ ತೀರ್ಮಾನವಾಗುತ್ತವೆ. ಸ್ವಂತ ವಾಸದ ಮನೆಗೆ ಶೇ. 40ರ ರಿಯಾಯಿತಿ 2023ರಲ್ಲಿ ಮರಳಿ ಬಂದದ್ದು ರಾಜ್ಯ ಸಂಪುಟದ ನಿರ್ಣಯದಿಂದ.

ಕಸದ ವಿಷಯದಲ್ಲಿ ಮಾತ್ರ ದಯವಿಟ್ಟು ದುಡುಕಬೇಡಿ. ಪುಣೆಯ ಎಷ್ಟೋ ಮನೆಗಳಿಂದ ಕಸ ಒಯ್ಯುವವರು 'ಸ್ವಚ್ಛ' ಸಹಕಾರಿ ಸಂಘದ ಹೆಣ್ಣುಮಕ್ಕಳು. ನಾವು ತಿಂಗಳಿಗೆ ಕೊಡುವ ಹಣವೂ ಕಸದಿಂದ ಹೆಕ್ಕಿದ ಭಂಗಾರ (ಗುಜರಿ) ಮಾರಿದ ದುಡ್ಡೂ ಅವರ ಗಳಿಕೆ. "ಕಸ ಪುಕ್ಕಟೆ ಒಯ್ಯಿಸುತ್ತೇನೆ" ಎನ್ನುವವರಿಗೆ, ಹಾಗಾದರೆ ಆ ಅಕ್ಕಂದಿರಿಗೆ ಯಾರು, ಎಷ್ಟು ಕೊಡುತ್ತಾರೆ ಎಂದು ಕೇಳಿ. ಅವರ ಅನ್ನ ಕಿತ್ತುಕೊಂಡು ನಮಗೆ ಸಿಗುವ ಉಳಿತಾಯ ನನಗೆ ಬೇಡ.

ಅಭ್ಯರ್ಥಿಯ ಆಸ್ತಿ, ಸಾಲ, ಮೊಕದ್ದಮೆಗಳ ವಿವರ ನಾಮಪತ್ರದ ಜೊತೆಗಿನ ಪ್ರಮಾಣಪತ್ರದಲ್ಲಿರುತ್ತದೆ. ಪಾಲಿಕೆಯ ಅಂದಾಜುಪತ್ರಕ (ಬಜೆಟ್) ಮರಾಠಿಯಲ್ಲಿ ಬರುತ್ತದೆ; ಇಲ್ಲಿನ ಶಾಲೆಗೆ ಹೋಗುವ ಮಕ್ಕಳಿಂದ ನಿಮ್ಮ ಪ್ರಭಾಗದ ಸಾಲುಗಳನ್ನು ಓದಿಸಿಕೊಳ್ಳಿ.

ಪುಣೆಯಲ್ಲಿ ಸಾಮಾನ್ಯವಾಗಿ ಒಂದು ಪ್ರಭಾಗಕ್ಕೆ ನಾಲ್ವರು ನಗರಸೇವಕರು. ಕೆಲಸ ಕೆಟ್ಟರೆ ಒಬ್ಬರು ಇನ್ನೊಬ್ಬರತ್ತ ಕೈತೋರಿಸಲು ಇದರಿಂದ ಅನುಕೂಲವಾಗುತ್ತದೆ. ಆದ್ದರಿಂದ ಪ್ಯಾನೆಲ್ಲಿನ ನಾಲ್ವರೂ ಒಟ್ಟಿಗೆ ಬಂದಾಗಲೇ ನೀರು ಯಾರು, ಗಟಾರ ಯಾರು ನೋಡಿಕೊಳ್ಳುತ್ತೀರಿ ಎಂದು ಹೇಳಿಸಿ, ಹೆಸರು ಹಾಕಿ ಬರೆದಿಡಿ. ಮತಗಟ್ಟೆಯಲ್ಲಿ ಅ, ಬ, ಕ, ಡ ಎಂಬ ನಾಲ್ಕೂ ಸ್ಥಾನಗಳಿಗೆ ಒಂದೊಂದು ಗುಂಡಿ ಒತ್ತಬೇಕು. ನಾಲ್ವರೂ ಒಂದೇ ಪಕ್ಷದವರಿರಬೇಕು ಎಂದೇನಿಲ್ಲ. ಯಾವುದಾದರೂ ಸ್ಥಾನಕ್ಕೆ ಯಾರೂ ಮನಸ್ಸಿಗೆ ಬಾರದಿದ್ದರೆ ಅಲ್ಲಿ ನೋಟಾ ಒತ್ತಿ. ನಾಲ್ಕೂ ಮುಗಿದು ಬೀಪ್ ಕೇಳಿದ ಮೇಲೆ ಹೊರಗೆ ಬನ್ನಿ.