ಹಳೇ ಜೈಲಿಗೆ ಸ್ಕೂಲ್ ಮಕ್ಕಳನ್ನ ಕರ್ಕೊಂಡು ಹೋಗೋ ಮೊದಲು ಟೀಚರ್‌ಗಳು ಏನೇನು ಮಾಡ್ಬೇಕು

ಜೈಲು ನೋಡೋಕೆ ಹೋಗ್ತಿದೀವಿ ಅಂತ ಕ್ಲಾಸಲ್ಲಿ ಹೇಳಿದ ತಕ್ಷಣ ಬರೋ ಮೊದಲ ಪ್ರಶ್ನೆ "ಮಿಸ್, ಅಲ್ಲಿ ನೇಣು ಹಾಕ್ತಿದ್ದ ಜಾಗ ಇದ್ಯಾ?", ಎರಡನೇದು "ದೆವ್ವ ಇದ್ಯಾ?". ಪ್ರತಿ ಸಲ, ಪ್ರತಿ ಬ್ಯಾಚಲ್ಲೂ ಇದೇ. ಇದಕ್ಕೆ ಮಕ್ಕಳನ್ನ ಬೈಬೇಡಿ, ಅವ್ರು ಜೈಲು ನೋಡಿರೋದೇ ಸಿನಿಮಾದಲ್ಲಿ. ಆದ್ರೆ ವಾಪಸ್ ಬರುವಾಗ್ಲೂ ಬಸ್ಸಲ್ಲಿ ಬರೀ ನೇಣು ದೆವ್ವದ ಮಾತೇ ಆದ್ರೆ, ಆ ದಿನ ನಮ್ಮ ಕೈ ತಪ್ಪಿ ಹೋಯ್ತು ಅಂತಾನೇ ಅರ್ಥ. ನಾನು ಹಿಸ್ಟರಿ ಟೀಚರ್, ಇಷ್ಟು ವರ್ಷದಲ್ಲಿ ಗಟ್ಟಿಯಾಗಿ ಕಲ್ತಿರೋದು ಒಂದೇ: ಮಕ್ಕಳಿಗೆ ತೋರಿಸ್ಬೇಕಾಗಿರೋದು ಜೈಲನ್ನಲ್ಲ, ಅದರೊಳಗೆ ಒಬ್ಬ ಮನುಷ್ಯ ಕಳೆದ ಒಂದು ದಿನವನ್ನ. ಕೆಳಗೆ ಬರ್ದಿರೋದೆಲ್ಲ ಆ ಒಂದು ದಿನವನ್ನ ಮಕ್ಕಳ ಕಣ್ಣಿಗೆ ಕಾಣೋ ಹಾಗೆ ಮಾಡೋಕೆ.

ಮೊದಲ್ನೇ ಕೆಲಸ, ನೀವೊಬ್ರೇ ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ. ವೆಬ್‌ಸೈಟಲ್ಲಿ ಫೋಟೋ ನೋಡಿದ್ದು ಸಾಕಾಗಲ್ಲ. ಎಲ್ಲಿ ಮೆಟ್ಟಿಲು ಕಿರಿದು, ಎಲ್ಲಿ ಕತ್ತಲೆ, ಎಲ್ಲಿ ಮೂವತ್ತು ಮಕ್ಕಳು ಒಟ್ಟಿಗೆ ನಿಂತ್ರೆ ಮಾತು ಕೇಳಿಸಲ್ಲ, ಟಾಯ್ಲೆಟ್ ಯಾವ ಕಡೆ, ವೀಲ್‌ಚೇರ್‌ನಲ್ಲಿರೋ ಮಗು ಎಲ್ಲೀವರೆಗೆ ಹೋಗಬಹುದು, ಇವೆಲ್ಲ ಕಾಲಲ್ಲಿ ನಡೆದ್ರೇನೇ ಗೊತ್ತಾಗೋದು. ಹಳೇ ಜೈಲುಗಳನ್ನ ಕಟ್ಟಿದ್ದೇ ಜನ ಸಲೀಸಾಗಿ ಓಡಾಡಬಾರ್ದು ಅಂತ, ಹಾಗಾಗಿ ಬಾಗಿಲು ತಗ್ಗು, ಹೊಸ್ತಿಲು ಎತ್ತರ, ಕಲ್ಲು ಜಾರತ್ತೆ. ಅಲ್ಲೇ ಶಾಲಾ ಭೇಟಿ ನೋಡ್ಕೊಳ್ಳೋರನ್ನ ಭೇಟಿಯಾಗಿ ಗೈಡ್ ಸಿಗ್ತಾರಾ, ಎಷ್ಟು ಜನರ ಗುಂಪು ಬಿಡ್ತಾರೆ, ಯಾವ ವಾರ ರಜೆ, ಎಲ್ಲಾ ಕೇಳಿ ಬರ್ಕೊಳ್ಳಿ.

ಆಮೇಲೆ ಒಬ್ಬ ಕೈದಿಯನ್ನ ಆರಿಸ್ಕೊಳ್ಳಿ. ಇದ್ರಲ್ಲಿ ನಾವು ಟೀಚರ್‌ಗಳು ಮಾಡೋ ತಪ್ಪು ಅಂದ್ರೆ ಬರೀ ದೊಡ್ಡ ಹೆಸರು ಹಿಡ್ಕೊಳ್ಳೋದು. ದಕ್ಷಿಣ ಆಫ್ರಿಕಾದ ರಾಬೆನ್ ಐಲೆಂಡ್ ಜೈಲು ಅಂದ್ರೆ ಮಂಡೇಲಾ ಮಾತ್ರ, ಅಮೆರಿಕದ ಅಲ್ಕಟ್ರಾಜ್ ಜೈಲು ಅಂದ್ರೆ ಗ್ಯಾಂಗ್‌ಸ್ಟರ್ ಅಲ್ ಕಪೋನ್ ಮಾತ್ರ. ಡಬ್ಲಿನ್‌ನ ಕಿಲ್ಮೇನ್‌ಹ್ಯಾಮ್ ಜೈಲು ತಗೊಳ್ಳಿ, ಬ್ರಿಟಿಷರ ವಿರುದ್ಧ ಐರ್ಲೆಂಡಿನೋರು 1916ರಲ್ಲಿ ಎಬ್ಬಿಸಿದ ದಂಗೆಯ 14 ನಾಯಕರನ್ನ ಅಲ್ಲಿನ ಕಲ್ಲು ಒಡೆಯೋ ಅಂಗಳದಲ್ಲಿ ಗುಂಡಿಕ್ಕಿ ಕೊಂದ್ರು, ಅದನ್ನ ಹೇಳ್ಲೇಬೇಕು ನಿಜ. ಆದ್ರೆ ಅದೇ ಜೈಲಲ್ಲಿ 1840ರ ದಶಕದ ಕ್ಷಾಮದ ಸಮಯದಲ್ಲಿ ಹೊಟ್ಟೆಗಿಲ್ಲದೆ ಕದ್ದು ಸಿಕ್ಕಿಬಿದ್ದ ಹೆಂಗಸ್ರು, ಮಕ್ಕಳು ತುಂಬ್ಕೊಂಡಿದ್ರು, ಒಳಗಡೆ ಒಂದ್ಹೊತ್ತು ಊಟವಾದ್ರೂ ಸಿಗತ್ತೆ ಅಂತ ಬೇಕಂತಲೇ ಸಿಕ್ಕಿಬೀಳೋರೂ ಇದ್ರು. ಆರನೇ ಕ್ಲಾಸಿನ ಮಗುಗೆ ಎದೆಗೆ ತಾಕೋದು ಇದು, ಯಾಕಂದ್ರೆ ಅಲ್ಲಿದ್ದಿದ್ದು ತನ್ನ ವಯಸ್ಸಿನೋರು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಪೋರ್ಟ್ ಆರ್ಥರ್ ಅನ್ನೋ ಹಳೇ ಜೈಲಿನ ಎದುರಿಗೆ ಪಾಯಿಂಟ್ ಪ್ಯೂರ್ ಅಂತ ಹುಡುಗರಿಗೇ ಅಂತ ಒಂದು ಸೆರೆಮನೆ ಇತ್ತು, 1834ರಿಂದ 1849ರವರೆಗೆ. ನೀವು ಹೋಗೋ ಜೈಲಲ್ಲೂ ಹಳೇ ರಿಜಿಸ್ಟರ್ ಇದ್ರೆ ಕೇಳಿ, ಹೆಸರು, ವಯಸ್ಸು, ಎತ್ತರ, ಅಪರಾಧ, ಶಿಕ್ಷೆ ಅಂತ ಒಂದೇ ಸಾಲು ಸಿಕ್ರೂ ಅದು ಇಡೀ ಟ್ರಿಪ್ಪಿಗೆ ಸಾಕು.

ಮನೆಯೋರಿಗೆ ಕಳ್ಸೋ ಚೀಟಿಲಿ ಬರೀ ಟೈಮು, ಬಸ್ಸು, ನೀರಿನ ಬಾಟ್ಲು ಅಂತ ಬರ್ದು ಮುಗಿಸ್ಬೇಡಿ. ಅಲ್ಲಿ ಮಕ್ಕಳು ಏನು ನೋಡ್ತಾರೆ, ಗಲ್ಲು ಇದ್ಯಾ, ಒಂಟಿ ಸೆಲ್ ಇದ್ಯಾ, ಬಿಡಿಸಿ ಬರೀರಿ, ಮತ್ತೆ ಕೊನೇಲಿ "ನಿಮ್ಮ ಮಗುವಿನ ಬಗ್ಗೆ ನಮಗೆ ಮೊದಲೇ ಗೊತ್ತಿರ್ಬೇಕಾದ ವಿಷಯ ಏನಾದ್ರೂ ಇದ್ರೆ ನನ್ನ ಹತ್ರ ಮಾತಾಡಿ" ಅಂತ ಒಂದು ಸಾಲು ಸೇರಿಸಿ. ಈ ಸಾಲು ಯಾಕೆ ಅಂದ್ರೆ, ಯಾವ ಕ್ಲಾಸಲ್ಲಾದ್ರೂ ಅಪ್ಪನೋ ಮಾವನೋ ಅಣ್ಣನೋ ಈಗ ನಿಜವಾಗ್ಲೂ ಕಂಬಿ ಎಣಿಸ್ತಿರೋ ಮನೆಯ ಮಗು ಇರಬಹುದು, ಆ ಮಗು ಅದನ್ನ ಯಾರಿಗೂ ಹೇಳಿರಲ್ಲ. ನನ್ನ ಕ್ಲಾಸಲ್ಲಿ ಒಂದ್ಸಲ ಹೀಗೇ ಆಯ್ತು. ಗೈಡ್ ಒಬ್ರು ಉತ್ಸಾಹದಲ್ಲಿ "ಇಲ್ಲಿಗೆ ಬರೋರು ಎಂಥೋರು ಹೇಳಿ ಮಕ್ಳೇ?" ಅಂದ್ರು, ಎಲ್ರೂ ಒಂದೇ ಉಸಿರಲ್ಲಿ "ಕಳ್ರು, ಕೆಟ್ಟೋರು" ಅಂತ ಕೂಗಿದ್ರು, ಒಂದು ಹುಡುಗಿ ಮಾತ್ರ ಚಪ್ಪಲಿ ತುದೀಲಿ ನೆಲದ ಮೇಲಿನ ಮಣ್ಣನ್ನ ಹಿಂದೆ ಮುಂದೆ ತಳ್ತಾ ನಿಂತಿದ್ಲು, ತಲೆ ಎತ್ತಲೇ ಇಲ್ಲ. ಯಾಕೆ ಅಂತ ನಂಗೆ ಗೊತ್ತಾಗಿದ್ದು ತಿಂಗಳಾದ್ಮೇಲೆ, ಅವ್ಳ ಅಜ್ಜಿ ಹೇಳಿದಾಗ. ಮೊದಲೇ ಕೇಳ್ಕೊಂಡಿದ್ರೆ ಗೈಡ್‌ಗೆ ಒಂದು ಮಾತು ಹೇಳಿರ್ತಿದ್ದೆ, ಅವಳನ್ನ ನನ್ನ ಪಕ್ಕದಲ್ಲೇ ಇಟ್ಕೊಂಡಿರ್ತಿದ್ದೆ. ಅವತ್ತಿಂದ ಗೈಡ್ ಜೊತೆ ಮೊದಲೇ ಫೋನಲ್ಲಿ ಮಾತಾಡ್ದೆ ನಾನು ಯಾವ ಟ್ರಿಪ್ಪೂ ಹೊರಡ್ಸಲ್ಲ.

ಹೋಗೋ ಹಿಂದಿನ ವಾರ ಕ್ಲಾಸಲ್ಲಿ ಎರಡು ಕೆಲಸ ಮಾಡ್ಸಿ. ಒಂದು, ಸೀಮೆಸುಣ್ಣದಲ್ಲಿ ನೆಲದ ಮೇಲೆ ಸೆಲ್ ಬರೀರಿ. ಅಲ್ಕಟ್ರಾಜ್‌ನ ಸಾಮಾನ್ಯ ಸೆಲ್ 5 ಅಡಿ ಅಗಲ, 9 ಅಡಿ ಉದ್ದ, ಅದ್ರಲ್ಲೇ ಮಂಚ, ಸಿಂಕು, ಕಕ್ಕಸು. ರಾಬೆನ್ ಐಲೆಂಡಲ್ಲಿ ಮಂಡೇಲಾ ಅವರ ಸೆಲ್ ಮೂರು ಹೆಜ್ಜೆಗೆ ಮುಗಿದು ಹೋಗ್ತಿತ್ತು, ಅಲ್ಲೇ ಅವ್ರು 27 ವರ್ಷದ ಸೆರೆವಾಸದಲ್ಲಿ 18 ವರ್ಷ ಕಳೆದಿದ್ದು. ಮಕ್ಕಳಿಗೆ ಟೇಪ್ ಕೊಟ್ಟು ಅವ್ರ ಕೈಲೇ ಅಳೆಸಿ, ಮಂಚ ಎಲ್ಲಿ ಬರತ್ತೆ ಗುರುತು ಹಾಕ್ಸಿ, ಒಬ್ಬೊಬ್ಬರೇ ಐದು ನಿಮಿಷ ಒಳಗೆ ಕೂರ್ಲಿ. ಮೊದಲ ನಿಮಿಷ ನಗ್ತಾರೆ, ಮೂರನೇ ನಿಮಿಷಕ್ಕೆ ಗಡಿಯಾರ ನೋಡೋಕೆ ಶುರು ಮಾಡ್ತಾರೆ.

ಎರಡನೇದು ನನಗೆ ತುಂಬಾ ಇಷ್ಟವಾದ್ದು, ಗೋಡೆ ತಟ್ಟೋ ಭಾಷೆ. ಮಾತಾಡೋದೇ ನಿಷೇಧ ಇದ್ದ ಜೈಲುಗಳಲ್ಲಿ ಕೈದಿಗಳು ಪಕ್ಕದ ಸೆಲ್ಲಿನೋರ ಜೊತೆ ಗೋಡೆ ತಟ್ಟಿ ಮಾತಾಡ್ತಿದ್ರು. ಅಕ್ಷರಗಳನ್ನ ಚೌಕದಲ್ಲಿ ಜೋಡಿಸಿ ಮೊದಲು ಸಾಲಿನ ನಂಬರ್ ತಟ್ಟೋದು, ಆಮೇಲೆ ಆ ಸಾಲಲ್ಲಿ ಎಷ್ಟನೇ ಅಕ್ಷರ ಅಂತ ತಟ್ಟೋದು. ಇಂಗ್ಲಿಷಲ್ಲಿ 26 ಅಕ್ಷರ, 5×5 ಚೌಕಕ್ಕೆ ಕೂರಿಸ್ಬೇಕು ಅಂದ್ರೆ ಒಂದನ್ನ ಬಿಡಬೇಕು. ನಮ್ಮ ವರ್ಗೀಯ ವ್ಯಂಜನ ನೋಡಿ, ಕ ವರ್ಗದಿಂದ ಪ ವರ್ಗದವರೆಗೆ ಐದು ಸಾಲು, ಸಾಲಿಗೆ ಐದು, ಹೇಳಿ ಮಾಡಿಸಿದ ಹಾಗೆ ಕೂರತ್ತೆ! ಜ ಅಂದ್ರೆ ಎರಡು ತಟ್ಟು ಆಮೇಲೆ ಮೂರು ತಟ್ಟು, ನ ಅಂದ್ರೆ ನಾಲ್ಕು ಆಮೇಲೆ ಐದು, ಎರಡೂ ಸೇರಿದ್ರೆ 'ಜನ'. ಎರಡಕ್ಷರ ದಾಟಿಸೋಕೆ ಹದಿನಾಲ್ಕು ಸಲ ತಟ್ಬೇಕು, ಮಧ್ಯದಲ್ಲಿ ವಾರ್ಡನ್ ಬಂದ್ರೆ ಮತ್ತೆ ಮೊದಲಿಂದ. ಮಾತು ಅನ್ನೋದು ಎಷ್ಟು ಬೆಲೆಬಾಳೋ ವಸ್ತು ಅಂತ ನಾವು ಬಾಯಲ್ಲಿ ಎಷ್ಟು ಹೇಳಿದ್ರೂ ಅರ್ಥ ಆಗಲ್ಲ, ಗೋಡೆಗೆ ಹದಿನಾಲ್ಕು ಸಲ ತಟ್ಟಿದ ಮಗುಗೆ ಅರ್ಥ ಆಗತ್ತೆ.

ಹೋದ ದಿನ ಮೊದಲು ಒಳಗೆ ನುಗ್ಬೇಡಿ, ಪ್ಲಾನ್ ತೋರ್ಸಿ. ಕಟ್ಟಡದ ನಕ್ಷೆಯನ್ನ ಪಾಠದ ಥರ ಓದ್ಸಿ. ಅಮೆರಿಕದ ಫಿಲಡೆಲ್ಫಿಯಾದ ಈಸ್ಟರ್ನ್ ಸ್ಟೇಟ್ ಪೆನಿಟೆನ್ಷರಿ ಅನ್ನೋ ಜೈಲು 1829ರಲ್ಲಿ ಶುರುವಾಯ್ತು, ನಡುವೆ ಒಂದು ಕಾವಲು ಜಾಗ, ಅಲ್ಲಿಂದ ಸೈಕಲ್ ಚಕ್ರದ ಕಡ್ಡಿಗಳ ಥರ ಸುತ್ತ ಬ್ಲಾಕುಗಳು, ನಡುವೆ ನಿಂತೋನು ಎಲ್ಲ ಕಡೆ ನೋಡಬಹುದು. ಅಂಡಮಾನಿನ ಪೋರ್ಟ್ ಬ್ಲೇರ್‌ನ (ಈಗ ಶ್ರೀ ವಿಜಯಪುರಂ) ಸೆಲ್ಯುಲರ್ ಜೈಲು, 1896ರಿಂದ 1906ರವರೆಗೆ ಕಟ್ಟಿದ್ದು, ಅದೂ ಇದೇ ಥರ ಏಳು ರೆಕ್ಕೆ, ಈಗ ಉಳಿದಿರೋದು ಮೂರೇ. ಅಲ್ಲಿ ಇನ್ನೂ ಒಂದು ಉಪಾಯ ಇತ್ತು, ಒಂದು ರೆಕ್ಕೆಯ ಮುಂಭಾಗ ಇನ್ನೊಂದು ರೆಕ್ಕೆಯ ಬೆನ್ನಿಗೆ ಬರೋ ಹಾಗೆ ಕಟ್ಟಿದ್ರು, ಎದುರಿನ ಕೈದಿಯ ಮುಖ ಕಾಣ್ಲೇಬಾರ್ದು ಅಂತ. "ಇದನ್ನ ಹೀಗೆ ಯಾಕೆ ಕಟ್ಟಿದಾರೆ?" ಅಂತ ಕೇಳಿ ಸುಮ್ನಿರಿ, ಉತ್ತರ ಮಕ್ಕಳೇ ಹುಡುಕ್ತಾರೆ, ಸ್ವಲ್ಪ ಹೊತ್ತು ಹಿಡಿಯತ್ತೆ ಅಷ್ಟೇ.

ಒಳಗೆ ಹೋದ್ಮೇಲೆ ಗುಂಪನ್ನ ಹತ್ತು ಹತ್ತು ಜನಕ್ಕೆ ಒಡೀರಿ, ಪ್ರತಿ ಗುಂಪಿಗೆ ಒಬ್ರು ದೊಡ್ಡೋರು. ಎಲ್ಲಾ ತೋರಿಸೋ ಆಸೆ ಬಿಟ್ಬಿಡಿ. ನಾಲ್ಕು ಜಾಗ ಸಾಕು: ಮಲಗೋ ಜಾಗ, ಕೆಲಸದ ಜಾಗ, ಊಟದ ಜಾಗ, ಆಕಾಶ ಕಾಣೋ ಜಾಗ. ನೀವು ಆರಿಸಿದ ಆ ಕೈದಿ ಬೆಳಿಗ್ಗೆಯಿಂದ ರಾತ್ರಿವರೆಗೆ ನಡೆದ ದಾರೀಲೇ ಮಕ್ಕಳನ್ನ ನಡೆಸಿ.

ಕೆಲಸದ ಜಾಗದಲ್ಲಿ ಜಾಸ್ತಿ ಹೊತ್ತು ನಿಲ್ಲಿ, ಇದನ್ನ ಎಲ್ರೂ ಬೇಗ ದಾಟಿಬಿಡ್ತಾರೆ. ಸೆಲ್ಯುಲರ್ ಜೈಲಲ್ಲಿ ಎತ್ತಿಗೆ ಕಟ್ಟೋ ಗಾಣಕ್ಕೆ ಮನುಷ್ಯರನ್ನ ಹೂಡಿ ಎಣ್ಣೆ ತೆಗೆಸ್ತಿದ್ರು, ದಿನದ ಲೆಕ್ಕ ಮುಟ್ಲಿಲ್ಲ ಅಂದ್ರೆ ಏಟು. ರಾಬೆನ್ ಐಲೆಂಡಲ್ಲಿ ಸುಣ್ಣದ ಕಲ್ಲಿನ ಗಣಿ, ಬಿಳಿ ಕಲ್ಲಿನ ಮೇಲೆ ಬೀಳೋ ಬಿಸಿಲಿಂದ ಮಂಡೇಲಾ ಅವರ ಕಣ್ಣೇ ಹಾಳಾಯ್ತು. ಊಟದ ಜಾಗಕ್ಕೂ ಅಲ್ಲಿನ ಉದಾಹರಣೆಯೇ ಸಾಕು, ಒಂದೇ ಜೈಲು, ಒಂದೇ ಕೆಲಸ, ಆದ್ರೆ ಚರ್ಮದ ಬಣ್ಣ ನೋಡಿ ಊಟ: ಭಾರತೀಯ ಮೂಲದೋರಿಗೆ ಬ್ರೆಡ್ ಇತ್ತು, ಕಪ್ಪು ಆಫ್ರಿಕನ್ನರಿಗೆ ಇಲ್ಲ. ಆ ಊಟದ ಪಟ್ಟಿ ಈಗ್ಲೂ ಬರೋರಿಗೆ ತೋರಿಸ್ತಾರೆ. ಡಬ್ಬಿ ಹಂಚ್ಕೊಂಡು ತಿನ್ನೋ ಮಕ್ಕಳಿಗೆ ವರ್ಣಭೇದ ಅಂದ್ರೆ ಏನು ಅಂತ ಬೇರೆ ವಿವರಣೆ ಬೇಕಾಗಲ್ಲ. ಅಲ್ಲಿ ಗೈಡ್ ಆಗಿ ಹಿಂದೆ ಅಲ್ಲೇ ಇದ್ದ ರಾಜಕೀಯ ಕೈದಿಗಳೇ ಬರೋ ಪದ್ಧತಿ ಇದೆ. ಎಲ್ಲಾದ್ರೂ ಅಂಥ ಅವಕಾಶ ಸಿಕ್ರೆ ಬೇರೆಲ್ಲ ಕಾರ್ಯಕ್ರಮ ಕ್ಯಾನ್ಸಲ್ ಮಾಡಿ ಅವ್ರ ಮಾತು ಕೇಳಿಸ್ಕೊಳ್ಳಿ.

ಕೆಲವು ಕೆಲಸ ದಯವಿಟ್ಟು ಮಾಡ್ಬೇಡಿ. ಮಕ್ಕಳಿಗೆ ಕೋಳ ಹಾಕಿ ಫೋಟೋ ಬೇಡ. ಗಲ್ಲಿನ ಜಾಗದಲ್ಲಿ ಸೆಲ್ಫಿ ಬೇಡ್ವೇ ಬೇಡ, ಅಲ್ಲಿ ಹೆಸರಿದ್ದ ಮನುಷ್ಯರು ಸತ್ತಿದ್ದಾರೆ. ಸಣ್ಣ ಮಕ್ಕಳಾದ್ರೆ ಆ ಜಾಗಕ್ಕೆ ಹೋಗೋದೇ ಬೇಡ. ಇನ್ನು ಸೆಲ್ ಬಾಗಿಲು ಮುಚ್ಚೋ ವಿಷಯ. ಬಹಳ ಕಡೆ "ಬನ್ನಿ, ಬಾಗಿಲು ಹಾಕಿ ತೋರಿಸ್ತೀವಿ" ಅಂತಾರೆ. ಒಂದ್ಸಲ ನಾನೂ ಒಪ್ಕೊಂಡೆ, ಆರು ಮಕ್ಕಳು ಒಳಗೆ, ಬಾಗಿಲು ಧಡ್ ಅಂತ ಹಾಕಿದ್ರು, ಎಲ್ರೂ ಕಿರುಚಿ ನಗ್ತಿದ್ರು, ಹತ್ತು ಸೆಕೆಂಡಿಗೆ ತೆಗೆದಾಗ ಒಬ್ಬ ಹುಡುಗ ಮೂಲೇಲಿ ಗೋಡೆಗೆ ಮುಖ ಹಾಕಿ ಎರಡೂ ಕಿವಿ ಮುಚ್ಕೊಂಡು ನಿಂತಿದ್ದ, ಬೆವರಿಗೆ ಯೂನಿಫಾರ್ಮಿನ ಬೆನ್ನೆಲ್ಲಾ ಒದ್ದೆ. ನಗುವಿನ ಸದ್ದಲ್ಲಿ ಅವನ ಅಳು ಯಾರಿಗೂ ಕೇಳಿಸಿರ್ಲಿಲ್ಲ. ಈಗ ನನ್ನ ನಿಯಮ ಇಷ್ಟು, ಬಾಗಿಲು ತೆರೆದೇ ಇರ್ಬೇಕು, ಒಳಗೆ ಹೋಗೋದು ಅವ್ರವ್ರ ಇಷ್ಟ, ಒಲ್ಲೆ ಅಂದ ಮಗುವನ್ನ ಯಾರೂ ಹೇಡಿ ಅನ್ನಬಾರ್ದು, ಮತ್ತೆ ಕೈ ಎತ್ತಿದ್ರೆ ಸಾಕು, ಕಾರಣ ಕೇಳ್ದೆ ಒಬ್ರು ದೊಡ್ಡೋರು ಅಂಗಳಕ್ಕೆ ಕರ್ಕೊಂಡು ಹೋಗ್ಬೇಕು.

ಬಾಗಿಲು ಮುಚ್ಚೋ ಬದಲು ಮೌನ ಮಾಡ್ಸಿ. ಮೂರು ನಿಮಿಷ, ಕಾರಿಡಾರಲ್ಲಿ ನೆಲದ ಮೇಲೆ ಕೂತು, ಕೇಳಿಸಿದ್ದನ್ನೆಲ್ಲ ಬರೀರಿ ಅಂತ ಹೇಳಿ. ಹೆಜ್ಜೆ ಸದ್ದು, ಪಾರಿವಾಳ, ದೂರದ ರಸ್ತೆಯ ಹಾರ್ನು. ಒಬ್ಬ ಹುಡುಗ ಒಂದ್ಸಲ "ಹೊರಗಿನ ಜನ ನಗೋದು ಇಲ್ಲಿಗೆ ಕೇಳಿಸತ್ತೆ" ಅಂತ ಬರ್ದು ಅದರ ಕೆಳಗೆ ಎರಡು ಗೆರೆ ಎಳೆದಿದ್ದ, ಆ ಹಾಳೆ ಇನ್ನೂ ನನ್ನ ಹತ್ರ ಇದೆ.

ವಾಪಸ್ ಬಂದ ದಿನ ಏನೂ ಬರೆಸ್ಬೇಡಿ, ನಿದ್ದೆ ಮಾಡ್ಲಿ. ಮರುದಿನ ಕೂರ್ಸಿ ಮಾತಾಡ್ಸಿ. "ಹಾಗಾದ್ರೆ ತಪ್ಪು ಮಾಡಿದೋರನ್ನ ಏನು ಮಾಡ್ಬೇಕು ಮಿಸ್?" ಅನ್ನೋ ಪ್ರಶ್ನೆ ಬಂದೇ ಬರತ್ತೆ, ಅದಕ್ಕೆ ನೀವು ಉತ್ತರ ಕೊಡೋಕೆ ಅವಸರ ಮಾಡ್ಬೇಡಿ, ಅದು ಅವ್ರು ವಾದ ಮಾಡ್ಲಿ ಅಂತಾನೇ ಇರೋ ಪ್ರಶ್ನೆ. ಜೈಲು ಮುಚ್ಚಿದ್ಮೇಲೆ ಆ ಜಾಗ ಏನಾಯ್ತು ಅಂತಲೂ ಚರ್ಚೆ ಮಾಡ್ಸಿ. ಜೊಹಾನ್ಸ್‌ಬರ್ಗ್‌ನ ಕಾನ್‌ಸ್ಟಿಟ್ಯೂಷನ್ ಹಿಲ್‌ನಲ್ಲಿ ಗಾಂಧೀಜಿನೂ ಸೆರೆಯಲ್ಲಿದ್ರು, ಮಂಡೇಲಾನೂ ಇದ್ರು, ಅಲ್ಲಿ ಕೆಡವಿದ ಜೈಲು ಬ್ಲಾಕಿನ ಇಟ್ಟಿಗೆಯನ್ನೇ ಬಳಸಿ ದಕ್ಷಿಣ ಆಫ್ರಿಕಾದ ಸಂವಿಧಾನ ಕೋರ್ಟ್ ಕಟ್ಟಿದ್ರು. ಬೆಂಗಳೂರಿನ ಹಳೇ ಸೆಂಟ್ರಲ್ ಜೈಲು, 1975ರ ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದ ಜಾಗ, ಈಗ ಫ್ರೀಡಂ ಪಾರ್ಕ್, ಜನ ಪ್ರತಿಭಟನೆಗೆ ಸೇರೋದೂ ಅಲ್ಲೇ. ನೀವು ನೋಡಿ ಬಂದ ಜೈಲು ಏನಾಗಿದೆ, ಏನಾಗಬೇಕಿತ್ತು, ಮಕ್ಕಳು ಚಿತ್ರ ಬಿಡಿಸ್ಲಿ.

ಹೈಸ್ಕೂಲ್ ಮಕ್ಕಳಾದ್ರೆ ಇನ್ನೊಂದು ಮೆಟ್ಟಿಲು ಹತ್ತಿಸಬಹುದು. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಕೈದಿಗಳ ಬಗೆಗಿನ ನಿಯಮಗಳಿವೆ, ಮಂಡೇಲಾ ನಿಯಮಗಳು ಅಂತಾನೇ ಕರೀತಾರೆ. ದಿನಕ್ಕೆ 22 ಗಂಟೆ ಅಥವಾ ಅದಕ್ಕಿಂತ ಹೆಚ್ಚು, ಮನುಷ್ಯರ ಸಂಪರ್ಕವೇ ಇಲ್ಲದ ಹಾಗೆ ಒಂಟಿಯಾಗಿಡೋದನ್ನ ಸತತ 15 ದಿನ ಮೀರಿಸಬಾರ್ದು ಅಂತ ಅದ್ರಲ್ಲಿದೆ. ಈಸ್ಟರ್ನ್ ಸ್ಟೇಟ್‌ನಲ್ಲಿ ವರ್ಷಗಟ್ಟಲೆ ಒಂಟಿ ಇಡ್ತಿದ್ರು, ಸೆಲ್ಲಿಂದ ಹೊರಗೆ ಕರ್ಕೊಂಡು ಹೋಗುವಾಗ ಯಾರ ಮುಖಾನೂ ಕಾಣದ ಹಾಗೆ ತಲೆಗೆ ಮುಸುಕು ಹಾಕ್ತಿದ್ರು, ಅದೂ ಕೈದಿ ಪಶ್ಚಾತ್ತಾಪ ಪಡ್ಲಿ ಅನ್ನೋ ಒಳ್ಳೇ ಉದ್ದೇಶದಿಂದಲೇ. ಮಕ್ಕಳ ಕೈಗೆ ಅವ್ರು ಸೀಮೆಸುಣ್ಣದಲ್ಲಿ ಬರೆದ ಸೆಲ್ಲಿನ ಅಳತೆ, ನೋಡಿ ಬಂದ ಕೈದಿಯ ದಿನಚರಿ, ಈ ನಿಯಮ, ಹೀಗೆ ಮೂರನ್ನೂ ಕೊಟ್ಟು ಯಾವ ಯಾವ ಕಡೆ ನಿಯಮ ಮುರಿದಿದೆ ಅಂತ ಗುರುತು ಹಾಕ್ಸಿ. ಅದಕ್ಕೆ ಎರಡು ಪೀರಿಯಡ್ ಬೇಕು, ಹೆಡ್‌ಮಾಸ್ಟರ್ ಹತ್ರ ಮೊದಲೇ ಕೇಳಿಟ್ಕೊಳ್ಳಿ.