ಹೊಲದಲ್ಲಿ ಮದುವೆಯೇ? ಮೊದಲು ಕಣ ಮಾಡಿ

ಕಲ್ಯಾಣ ಮಂಟಪ ಬೇಡ, ನಮ್ಮ ಹೊಲದಲ್ಲೇ ಮದುವೆ ಮಾಡೋಣ ಎನ್ನುವವರು ಬಾಗಲಕೋಟೆ, ವಿಜಯಪುರದ ಕಡೆ ಈಗ ಜಾಸ್ತಿ ಆಗಿದ್ದಾರೆ. ಒಳ್ಳೆಯ ಮಾತೇ. ಆದರೆ ಹೆಚ್ಚಿನವರು ಶುರು ಮಾಡುವುದು ಮೊಬೈಲಿನಲ್ಲಿ ಕಂಡ ಒಂದು ಫೋಟೊದಿಂದ. ಆ ಫೋಟೊದಲ್ಲಿ ಕಾಲಡಿ ಹಸಿರು ಹುಲ್ಲು ಇರುತ್ತದೆ. ನಮ್ಮಲ್ಲಿರುವುದು ಎರೆ ಮಣ್ಣು, ಅಂದರೆ ಒಣಗಿದರೆ ಬಿರಿಯುವ, ನೆನೆದರೆ ಅಂಟುವ ಕಪ್ಪು ಮಣ್ಣು. ಹೂವಿಗೆ, ದೀಪಕ್ಕೆ, ಡ್ರೋನ್ ಕ್ಯಾಮೆರಾಕ್ಕೆ ದುಡ್ಡು ತೆಗೆದಿಟ್ಟವರು ನೆಲಕ್ಕೆ ಅಂತ ಒಂದು ರೂಪಾಯಿ ಇಟ್ಟಿರುವುದಿಲ್ಲ. ಮದುವೆ ಕೆಡುವುದು ಅಲ್ಲೇ. ಕುರ್ಚಿ ವಾಲುತ್ತವೆ, ಹುಗ್ಗಿಯಲ್ಲಿ ಮಣ್ಣು ಸಿಗುತ್ತದೆ, ಅಜ್ಜಿಯರು ಕಂಬಳಿ ಹಾಸಿದ ಕಡೆ ಬಿಟ್ಟು ಬೇರೆಲ್ಲೂ ಕಾಲಿಡುವುದಿಲ್ಲ.

ದಿನ ಹಿಡಿಯುವುದು

ಹಿಂಗಾರಿ ಜೋಳ, ಕಡಲೆ ಮನೆ ಸೇರಿದ ಮೇಲೆ, ಬಿಸಿಲು ಏರುವ ಮುಂಚೆ. ಅಂದರೆ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವೆ. ಮಾಘ, ಫಾಲ್ಗುಣದಲ್ಲಿ ಮುಹೂರ್ತ ಸಿಕ್ಕರೆ ಬಿಡಬೇಡಿ. ಬಸವ ಜಯಂತಿ, ಅಕ್ಷಯ ತೃತೀಯ ಒಂದೇ ದಿನ ಬರುತ್ತವೆ, ದಿನ ಬಹಳ ಒಳ್ಳೆಯದು ಅಂತ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಆಗ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಮಧ್ಯಾಹ್ನ ಹನ್ನೆರಡೂವರೆಗೆ ಅಕ್ಷತೆ ಇಟ್ಟುಕೊಂಡು ತಗಡಿನ ಹಂದರದ ಕೆಳಗೆ ಬೀಗರನ್ನು ಕೂರಿಸಬೇಡಿ. ಸಂಜೆಗೆ ಇಟ್ಟುಕೊಂಡರೆ ಇನ್ನೊಂದು ಕಷ್ಟ. ಏಪ್ರಿಲ್, ಮೇ ತಿಂಗಳ ಗಾಳಿ ಮಳೆ ಬರುವುದೇ ಸಂಜೆ. ಬೇಸಿಗೆಯಲ್ಲೇ ಮಾಡಬೇಕು ಅಂತಿದ್ದರೆ ಬೆಳಿಗ್ಗೆ ಹತ್ತರ ಒಳಗೆ ಅಕ್ಷತೆ ಬೀಳುವ ಮುಹೂರ್ತ ಕೇಳಿ. ಶಾಸ್ತ್ರಿಗಳು ಹುಡುಕಿದರೆ ಸಿಗುತ್ತದೆ.

ಜಾಗ ನೋಡುವುದು

ಹೊಲದಲ್ಲಿ ಮಡ್ಡಿ, ಅಂದರೆ ಗರಸಿನ (ಸಣ್ಣ ಕಲ್ಲು ಬೆರೆತ ಮಣ್ಣಿನ) ಗಟ್ಟಿ ನೆಲ ಇದ್ದರೆ ಅಲ್ಲೇ ಮಾಡಿ. ಬೆಳೆ ಬರಲ್ಲ ಅಂತ ವರ್ಷವಿಡೀ ಬೈಯುವ ಆ ಗರಸಿನ ತುಂಡೇ ಮದುವೆಗೆ ಚಿನ್ನದಂಥ ಜಾಗ. ನೀರು ನಿಲ್ಲಲ್ಲ, ಬಿರುಕು ಬಿಡಲ್ಲ, ಗಾಡಿ ಹೂಳಲ್ಲ. ಕಪ್ಪು ಹೊಲವೇ ದೊಡ್ಡದಾಗಿ, ಚಂದವಾಗಿ ಕಾಣುತ್ತದೆ ಅಂತ ಮನೆಯ ಹುಡುಗರು ಹಟ ಹಿಡಿಯುತ್ತಾರೆ. ಕೇಳಬೇಡಿ.

ಎಷ್ಟು ಜಾಗ ಬೇಕು? ಸಾವಿರ ಜನರ ಕುರ್ಚಿಗೆ ಏಳೆಂಟು ಗುಂಟೆ ಹಂದರ. ಊಟದ ಪಂಕ್ತಿಗೆ ಐದಾರು ಗುಂಟೆ, ಅಡುಗೆಗೆ ಎರಡು. ನೂರು ಕಾರು ನಿಲ್ಲಲು ಅರ್ಧ ಎಕರೆಗೂ ಮೇಲೆ ಹೋಗುತ್ತದೆ. ಟ್ರ್ಯಾಕ್ಟರ್, ಟಂಟಂ, ಬೈಕು ಬೇರೆ. ಪಕ್ಕದ ಹೊಲದವರನ್ನು ಈಗಲೇ ಕೇಳಿ, ಲಗ್ನಪತ್ರ ಕೊಡುವ ದಿನ ಅಲ್ಲ.

ಮರದ ಮೇಲೆ ಒಮ್ಮೆ ನೋಡಿ. ಆಲ, ಹುಣಸೆ, ಬೇವಿನಲ್ಲಿ ಹೆಜ್ಜೇನು ಕಟ್ಟಿದ್ದರೆ ಆ ಮರದ ಹತ್ತಿರ ಹಂದರ ಬೇಡ, ಒಲೆ ಬೇಡ, ಪಟಾಕಿಯಂತೂ ಬೇಡವೇ ಬೇಡ. ಒಲೆಯ ಹೊಗೆಗೇ ಅವು ಏಳುತ್ತವೆ. ಹಿಂದಿನ ರಾತ್ರಿ ಬೆಂಕಿ ಹಚ್ಚಿ ಓಡಿಸುತ್ತೇವೆ ಎನ್ನುವ ಧೈರ್ಯವಂತರು ಪ್ರತಿ ಊರಲ್ಲೂ ಇರುತ್ತಾರೆ. ಅವರ ಮಾತಿಗೆ ಹೂಂ ಅನ್ನಬೇಡಿ. ಓಡಿಸಿದ ಹುಳುಗಳಲ್ಲಿ ಎಷ್ಟೋ ಮರುದಿನ ಅಲ್ಲೇ ಸುತ್ತುತ್ತಿರುತ್ತವೆ. ತಲೆಯ ಮೇಲೆ ಕರೆಂಟಿನ ತಂತಿ ಹೋಗಿದ್ದರೂ ಆ ಜಾಗ ಬಿಡಿ.

ಬಾವಿ ಮತ್ತು ಕೃಷಿ ಹೊಂಡದ ಮಾತು ಗಂಭೀರ. ಮದುವೆಗೆ ಬರುವ ಮಕ್ಕಳಿಗೆ ನಿಮ್ಮ ಹೊಲದ ಬಾವಿ ಎಲ್ಲಿದೆ ಗೊತ್ತಿರುವುದಿಲ್ಲ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ ಇನ್ನೂ ಅಪಾಯ. ಹಾಳೆ ಜಾರುತ್ತದೆ, ಒಳಗೆ ಬಿದ್ದರೆ ಈಜು ಬಂದವರಿಗೂ ಹತ್ತಲು ಆಗಲ್ಲ. ಸುತ್ತ ಬಿದಿರು ನೆಟ್ಟು ಬಲೆ ಕಟ್ಟಿ, ಒಬ್ಬ ಆಳನ್ನು ಅಲ್ಲೇ ಕೂರಿಸಿ, ಒಂದು ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡಿ. ರಿಬ್ಬನ್ ಸುತ್ತಿದರೆ ಬೇಲಿ ಆಗಲ್ಲ.

ನೆಲ: ಎಲ್ಲರೂ ಎಡವುವುದು ಇಲ್ಲಿ

ಮದುವೆಗೆ ಹದಿನೈದು ದಿನ ಇದೆ ಅನ್ನುವಾಗ ಯಾರೋ ಒಬ್ಬರು ಮಣ್ಣು ಪುಡಿ ಮಾಡುವ ರೋಟಾವೇಟರ್ ತರುತ್ತಾರೆ. ಎರಡು ಸುತ್ತು ಹೊಡೆದರೆ ಹೊಲ ಬಾಚಿದ ತಲೆಯ ಹಾಗೆ ಕಾಣುತ್ತದೆ. ಎಲ್ಲರಿಗೂ ಖುಷಿ. ಆಗಿರುವುದು ಏನೆಂದರೆ, ಗಟ್ಟಿಯಾಗಿದ್ದ ನೆಲದ ಮೇಲೆ ಅರ್ಧ ಗೇಣು ಪುಡಿ ಮಣ್ಣು ನೀವೇ ಮಾಡಿಕೊಂಡಿದ್ದೀರಿ. ಅದರ ಮೇಲೆ ಕಾರ್ಪೆಟ್ ಹಾಸಿದರೆ ನಡೆದ ಕಡೆಯೆಲ್ಲ ಕುಳಿ. ಪ್ಲಾಸ್ಟಿಕ್ ಕುರ್ಚಿಯ ಕಾಲು ಇಳಿಯುತ್ತದೆ, ಸ್ವಲ್ಪ ಗಾಳಿ ಬೀಸಿದರೆ ದೂಳು ಎದ್ದು ಮದುಮಗಳ ಸೀರೆ ಒಂದೇ ಬಣ್ಣ. ಮದುವೆಯ ಜಾಗಕ್ಕೆ ರೋಟಾವೇಟರ್, ರಂಟೆ (ನೇಗಿಲು) ಏನೂ ಹೊಡೆಸಬೇಡಿ.

ಮಾಡಬೇಕಾದ್ದು ಕಣ, ಅಂದರೆ ತೆನೆ ಒಕ್ಕಲು ಗಟ್ಟಿ ಮಾಡಿ ಸಾರಿಸಿದ ನೆಲ. ರಾಶಿ ಮಷಿನ್ ಬರುವ ಮುಂಚೆ ನಮ್ಮ ಹಿರಿಯರು ಪ್ರತಿ ವರ್ಷ ಇದನ್ನು ಮಾಡುತ್ತಿದ್ದರು. ನಡುವೆ ಮೇಟಿ ಕಂಬ ನೆಟ್ಟು, ಎತ್ತು ತಿರುಗಿಸಿ, ಹಂತಿ ಪದ ಹಾಡುತ್ತಾ ತೆನೆ ತುಳಿಸುತ್ತಿದ್ದ ಆ ಕಣದಲ್ಲಿ ಒಂದು ಕಾಳೂ ಮಣ್ಣಿಗೆ ಸೇರುತ್ತಿರಲಿಲ್ಲ. ಜೋಳದ ಕಾಳು ಸ್ವಚ್ಛವಾಗಿ ಉಳಿಯುವ ನೆಲ ಮದುವೆ ಊಟಕ್ಕೂ ಸಾಕು. ನಿಮ್ಮ ಊರಲ್ಲಿ ಎಪ್ಪತ್ತು ದಾಟಿದ ಯಾರನ್ನಾದರೂ ಕರೆದು ಮುಂದೆ ಕೂರಿಸಿಕೊಳ್ಳಿ. ಡೆಕೋರೇಷನ್‌ನವರಿಗಿಂತ ಅವರ ಮಾತಿಗೆ ಬೆಲೆ ಜಾಸ್ತಿ.

ಒಂದು ತಿಂಗಳು ಮುಂಚೆ ಶುರು ಮಾಡಿ. ಮೊದಲು ಕೂಳೆ. ಜೋಳವನ್ನು ಬೇರುಸಹಿತ ಕಿತ್ತಿದ್ದರೆ ಅರ್ಧ ಕೆಲಸ ಉಳಿಯಿತು. ಕುಡುಗೋಲಿನಿಂದ ಕೊಯ್ದಿದ್ದರೆ ಉಳಿದ ಬುಡಗಳು ಓರೆಯಾಗಿ, ಚೂಪಾಗಿ ನಿಂತಿರುತ್ತವೆ. ಕಾರ್ಪೆಟ್ ತೂರಿ ಬಂದು ಬರಿಗಾಲಿಗೆ ಚುಚ್ಚುತ್ತವೆ. ಕುಂಟೆಯನ್ನು ಮೇಲೆ ಮೇಲೆ ಒಂದೇ ಸಲ ಹಾಯಿಸಿ. ಆಮೇಲೆ ಆಳು ಹಚ್ಚಿ ಒಂದೊಂದನ್ನೂ ಆರಿಸಿ. ಬೆಂಕಿ ಹಚ್ಚಿದರೆ ಮುಗಿಯಿತಲ್ಲ ಅನ್ನಬೇಡಿ. ಮೇಲಿನದು ಸುಡುತ್ತದೆ, ಬುಡ ಮಾತ್ರ ಕರ್ರಗೆ ಉಳಿದು ಸೀರೆಗೆ ಹತ್ತುತ್ತದೆ.

ಎರಡನೆಯದು ಬಿರುಕು. ಎರೆ ಭೂಮಿ ಒಣಗಿದರೆ ಕೈ ಇಳಿಯುವಷ್ಟು ಬಿರಿಯುತ್ತದೆ. ನೇರವಾಗಿ ನೀರು ಬಿಟ್ಟರೆ ನೀರೆಲ್ಲ ಬಿರುಕಿನಲ್ಲೇ ಇಳಿದು ಹೋಗುತ್ತದೆ, ಮೇಲ್ಗಡೆ ನೆನೆಯುವುದೇ ಇಲ್ಲ. ಮೊದಲು ಒಣ ಮಣ್ಣಿಗೆ ಗರಸು ಬೆರೆಸಿ ಬಿರುಕು ತುಂಬಿ, ಕೋಲಿನಿಂದ ಜಡಿಯಿರಿ. ಆಮೇಲೆ ನೀರು. ಪೈಪಿಗೆ ಬೆರಳು ಒತ್ತಿ ಹನಿಯಾಗಿ ಹೊಡೆಯಿರಿ, ಸಂಜೆ ಹೊತ್ತು. ಎಲ್ಲಿಯೂ ನಿಲ್ಲಬಾರದು.

ಮೂರನೆಯದು ಹದ. ಇಲ್ಲಿ ಅವಸರ ಮಾಡಿದವರೇ ಜಾಸ್ತಿ. ನೀರು ಹೊಡೆದ ಮರುದಿನವೇ ರೋಲರ್ ಹತ್ತಿಸಿದರೆ ಮಣ್ಣು ಅದಕ್ಕೇ ಅಂಟಿಕೊಂಡು ಎದ್ದು ಬರುತ್ತದೆ. ತಡ ಮಾಡಿದರೆ ಒಣಗಿ ಹೆಂಟೆಯಾಗುತ್ತದೆ. ಒಂದು ಹಿಡಿ ಮಣ್ಣು ತೆಗೆದು ಅಮುಕಿ ನೋಡಿ. ಉಂಡೆ ಆಗಬೇಕು, ಅಂಗೈಗೆ ಹತ್ತಬಾರದು. ಆ ಹೊತ್ತು ಬಂತೆಂದರೆ ಅರ್ಧ ದಿನವೂ ಕಾಯಬೇಡಿ. ಕಡಲೆ ಹೊಟ್ಟೋ ಜೋಳದ ಹೊಟ್ಟೋ ತೆಳ್ಳಗೆ ಚೆಲ್ಲಿ, ಅದರ ಮೇಲೆ ರೋಲರ್ ಓಡಿಸಿ. ಹೊಟ್ಟು ಇದ್ದರೆ ಮಣ್ಣು ಅಂಟಲ್ಲ. ಸಣ್ಣ ರೋಡ್ ರೋಲರ್ ಸಿಕ್ಕರೆ ಒಳ್ಳೆಯದು. ಹಿತ್ತಲಲ್ಲಿ ಉರುಳಿಸುವ ಹಳೆಯ ಕಲ್ಲುಗುಂಡು ಬಿದ್ದಿದ್ದರೆ ಅದನ್ನೇ ಎತ್ತಿಗೆ ಕಟ್ಟಿ. ಬರೀ ಟ್ರ್ಯಾಕ್ಟರ್ ಗಾಲಿಯಲ್ಲಿ ತುಳಿಸಬೇಡಿ, ಗಾಲಿಯ ಪಟ್ಟೆ ಹಾಗೇ ಉಳಿಯುತ್ತದೆ. ನಾಲ್ಕೈದು ದಿನಕ್ಕೆ ಸಣ್ಣ ಬಿರುಕು ಮತ್ತೆ ಕಾಣುತ್ತವೆ. ಹೆದರಬೇಡಿ, ಮತ್ತೆ ತುಂಬಿ, ನೀರು ಚಿಮುಕಿಸಿ, ಹೊಟ್ಟು ಚೆಲ್ಲಿ, ಉರುಳಿಸಿ. ಎರಡನೇ ಸಲಕ್ಕೆ ನೆಲ ಕೂರುತ್ತದೆ. ಕೈಯಲ್ಲಿ ದುಡ್ಡಿದ್ದರೆ ಇದರ ಮೇಲೆ ಮೂರು ಬೆರಳಿನಷ್ಟು ಗರಸು ಹಾಸಿ, ನೆನೆಸಿ, ಇನ್ನೊಮ್ಮೆ ಉರುಳಿಸಿ. ಆಗ ಮಳೆ ಬಿದ್ದರೂ ಅರ್ಧ ಗಂಟೆಗೆ ನಡೆಯಬಹುದು. ಮಡ್ಡಿ ಜಾಗವಾದರೆ ಇಷ್ಟೆಲ್ಲ ಬೇಡ, ಕಲ್ಲು ಆರಿಸಿ ಒಮ್ಮೆ ಉರುಳಿಸಿದರೆ ಸಾಕು.

ನೆಲವನ್ನು ಒಂದು ಕಡೆಗೆ ಸ್ವಲ್ಪ ಇಳಿಜಾರು ಇಡಿ. ಹಂದರದ ಸುತ್ತ ಗೇಣು ಆಳದ ಕಾಲುವೆ ತೆಗೆದು ಆ ಕಡೆಗೇ ಬಿಡಿ.

ಕೊನೆಗೆ ಸಾರಿಸುವುದು. ಇಲ್ಲಿ ಕ್ರಮ ತಪ್ಪಬಾರದು. ಹಂದರದ ಕಂಬ ನೆಟ್ಟು, ಅವರ ಲಾರಿ ಹೊರಗೆ ಹೋದ ಮೇಲೆಯೇ ಸಗಣಿ. ಮೊದಲೇ ಸಾರಿಸಿಟ್ಟರೆ ಲಾರಿ ಬಂದು ಎಲ್ಲ ಕಿತ್ತುಹಾಕುತ್ತದೆ. ಪೂರ್ತಿ ಹೊಲ ಬೇಕಿಲ್ಲ, ಅಕ್ಷತೆಯ ಮಂಟಪ ಮತ್ತು ಪಂಕ್ತಿಯ ಜಾಗ ಸಾಕು. ಸಗಣಿಗೆ ಸಣ್ಣ ಹೊಟ್ಟು ಬೆರೆಸಿ ಗಟ್ಟಿ ಬಗ್ಗಡ ಮಾಡಿ ಒಂದು ಸಲ, ಮದುವೆಗೆ ಎರಡು ದಿನ ಇರುವಾಗ ತೆಳ್ಳಗೆ ಇನ್ನೊಂದು ಸಲ. ಆಮೇಲೆ ಅಲ್ಲಿಗೆ ಬೈಕೂ ಬಿಡಬೇಡಿ. ಸಾರಿಸಿದ ನೆಲದ ಮೇಲೆ ರಂಗೋಲಿ ಹಾಕಿ ಚಾಪೆ ಹಾಸಿದರೆ ಕಾರ್ಪೆಟ್ಟೇ ಬೇಡ. ಹಸಿರು ಪ್ಲಾಸ್ಟಿಕ್ ಹುಲ್ಲು ಅಂತ ಮಾರುತ್ತಾರಲ್ಲ, ಅದನ್ನು ತರಲೇಬೇಡಿ. ಬಿಸಿಲಿಗೆ ಕಾದು ಕಾಲು ಸುಡುತ್ತದೆ.

ಹಂದರ

ಎರೆ ಮಣ್ಣು ಒಣಗಿದ್ದಾಗ ಗೂಟ ಕಲ್ಲಿನ ಹಾಗೆ ನಿಲ್ಲುತ್ತದೆ, ಮಣ್ಣು ನೆನೆದ ಕೂಡಲೇ ಸಡಿಲ. ಗಾಳಿ ಮಳೆ ಎರಡೂ ಒಟ್ಟಿಗೇ ಬರುವುದರಿಂದ ಹಂದರ ಹಾರುವುದು ಹೀಗೆ. ಕಂಬಗಳಿಗೆ ಮೊಳದ ಮೇಲೆ ಗುಂಡಿ ತೋಡಿ ಗರಸು, ಕಲ್ಲು ಹಾಕಿ ಜಡಿಸಿ. ಹಗ್ಗ ಕಟ್ಟುವ ಕಡೆ ಮರಳಿನ ಚೀಲ ಹೇರಿಸಿ. ನಾಲ್ಕೂ ಕಡೆ ಪರದೆ ಕಟ್ಟಿ ಮುಚ್ಚಬೇಡಿ, ಒಳಗೆ ಹೊಕ್ಕ ಗಾಳಿಗೆ ಹೊರಗೆ ದಾರಿ ಬೇಕು. ಹಂದರ ಹಾಕುವವರು ಇದಕ್ಕೆಲ್ಲ ‘ಏನಾಗಲ್ಲ ಬಿಡ್ರಿ ಸಾಹುಕಾರ್ರ’ ಅನ್ನುತ್ತಾರೆ. ಉಳಿದ ಹಣವನ್ನು ಮದುವೆ ಮುಗಿದ ಮೇಲೆ ಕೊಡಿ.

ನೆರಳಿಗೆ ಹಸಿರು ಶೇಡ್ ನೆಟ್ ಅಗ್ಗ. ಆದರೆ ಕೆಳಗೆ ಕೂತವರ ಮುಖವೆಲ್ಲ ಫೋಟೊದಲ್ಲಿ ಹಸಿರು ಬರುತ್ತದೆ. ಬಿಳಿ ಬಟ್ಟೆ ಕೇಳಿ. ಅಲಂಕಾರಕ್ಕೆ ಬೆಂಗಳೂರಿನಿಂದ ಹೂವು ತರಿಸುವುದು ನನಗೆ ಸೇರಲ್ಲ. ಬಾಳೆಕಂಬ, ಮಾವಿನ ತೋರಣ, ಮುಧೋಳ, ಜಮಖಂಡಿ ಕಡೆಯಾದರೆ ನಿಂತ ಕಬ್ಬು, ತೆನೆ ಸಮೇತ ಜೋಳದ ದಂಟು, ಇಷ್ಟು ಸಾಕು. ಥರ್ಮೋಕೋಲ್ ಅಲಂಕಾರ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ, ಪ್ಲಾಸ್ಟಿಕ್ ತಟ್ಟೆ, ಲೋಟವೂ ಅಷ್ಟೇ. ಕಾನೂನು ಬಿಡಿ, ಹಾರಿಹೋದ ತಟ್ಟೆಯನ್ನು ನಿಮ್ಮ ಎಮ್ಮೆಯೇ ತಿನ್ನುವುದು.

ನೀರು, ಕರೆಂಟು, ಊಟ

ಬೋರ್‌ವೆಲ್ ನೀರು ಸವಳಾಗಿದ್ದರೆ ಬೇಳೆ ಬೇಯಲ್ಲ. ಅಡುಗೆಯವರು ಸೋಡಾ ಸುರಿದು ಬೇಯಿಸುತ್ತಾರೆ, ರುಚಿ ಕೆಡುತ್ತದೆ. ಒಂದು ಪಾತ್ರೆ ಬೇಳೆಯನ್ನು ಅದೇ ನೀರಲ್ಲಿ ಮುಂಚೆಯೇ ಬೇಯಿಸಿ ನೋಡಿ. ಬೇಯದಿದ್ದರೆ ಅಡುಗೆಗೂ ಕುಡಿಯುವ ನೀರಿನ ಟ್ಯಾಂಕರ್ ತರಿಸಿ. ಬೋರಿನ ನೀರು ಕೈ ತೊಳೆಯಲು ಸಾಕು.

ಶೌಚಾಲಯ ಬಾಡಿಗೆಗೆ ಸಿಗುತ್ತವೆ. ಹೆಣ್ಣುಮಕ್ಕಳಿಗೆ ಬೇರೆ, ಒಳಗೆ ದೀಪ, ಬಾಗಿಲಿಗೆ ಚಿಲಕ. ‘ಹೊಲ ಐತಲ್ಲ’ ಎನ್ನುವ ಗಂಡಸರ ಮಾತನ್ನು ಈ ವಿಷಯದಲ್ಲಿ ಕೇಳಲೇಬೇಡಿ.

ಪಂಪ್‌ಸೆಟ್ಟಿನ ಕರೆಂಟನ್ನು ನಂಬಬೇಡಿ. ತ್ರೀ ಫೇಸ್ ದಿನವಿಡೀ ಇರಲ್ಲ, ಆ ಲೈನನ್ನು ಮದುವೆಗೆ ಬಳಸುವುದೂ ತಪ್ಪು. ಹೆಸ್ಕಾಂನಲ್ಲಿ ತಾತ್ಕಾಲಿಕ ಸಂಪರ್ಕ ಕೇಳಿ, ಇಲ್ಲವೇ ಜನರೇಟರ್ ತನ್ನಿ. ಅದನ್ನು ಹೊಗೆ ಹಂದರದ ಕಡೆ ಬಾರದ ಹಾಗೆ ನಿಲ್ಲಿಸಿ.

ಒಲೆ ಮತ್ತು ಕಣಿಕೆ (ಜೋಳದ ಒಣ ದಂಟು) ಬಣವೆಯ ನಡುವೆ ದೂರ ಇರಲಿ, ಗಾಳಿ ಒಲೆಯಿಂದ ಬಣವೆ ಕಡೆಗೆ ಬೀಸಬಾರದು. ಪಕ್ಕದಲ್ಲಿ ಕಬ್ಬು ಕಡಿದು ರವದಿ (ಒಣ ಎಲೆ) ಬಿಟ್ಟಿದ್ದರೆ ಪಟಾಕಿ ಬಿಟ್ಟುಬಿಡಿ. ಒಲೆಗೆ ಮೂರು ಕಡೆ ತಗಡು ಮರೆ ಮಾಡಿ, ಹತ್ತಿರ ನೀರಿನ ಬ್ಯಾರೆಲ್ ಇಡಿ. ಊಟಕ್ಕೆ ಗೋಧಿ ಹುಗ್ಗಿ, ತುಪ್ಪ, ಎಣ್ಣೆಗಾಯಿ, ಶೇಂಗಾ ಹಿಂಡಿ, ಅನ್ನ ಸಾರು. ಕಡಕ್ ರೊಟ್ಟಿ ವಾರ ಮುಂಚೆಯೇ ಮಾಡಿಸಿಡಬಹುದು, ಊರಲ್ಲಿ ರೊಟ್ಟಿ ಮಾಡಿಕೊಡುವ ಹೆಣ್ಣುಮಕ್ಕಳ ಸಂಘವಿದ್ದರೆ ಅವರಿಗೇ ಕೊಡಿ. ಗೋಬಿ ಮಂಚೂರಿ ಕೌಂಟರ್ ಬೇಡ.

ದಾರಿ, ಮೆರವಣಿಗೆ

ಡಾಂಬರ್ ಬಿಟ್ಟು ಒಳಗೆ ತಿರುಗುವ ದಾರಿಗೆ ಗರಸು ಹಾಕಿಸಿ, ಆ ತಿರುವಿನಲ್ಲಿ ಒಬ್ಬ ಹುಡುಗ ನಿಂತಿರಲಿ. ಕಾರು ಹೂತರೆ ಎಳೆಯಲು ಒಂದು ಟ್ರ್ಯಾಕ್ಟರ್ ಹಗ್ಗ ಸಮೇತ ತಯಾರಿರಲಿ.

ಮದುಮಗನನ್ನು ಚಕ್ಕಡಿಯಲ್ಲಿ ಕರೆತರುವ ಆಸೆ ಎಲ್ಲರಿಗೂ ಇರುತ್ತದೆ. ಹಾಗಾದರೆ ಡಿಜೆ ಬೇಡ. ಎತ್ತು ಬೆದರಿದರೆ ಹಿಡಿಯುವವರು ಇರಲ್ಲ. ಕರಡಿ ಮಜಲು ವಾದ್ಯದವರನ್ನು ಕರೆಸಿ, ಅವರನ್ನೂ ಚಕ್ಕಡಿಗೆ ಸ್ವಲ್ಪ ದೂರವೇ ನಡೆಸಿ. ಎರಡು ದಿನ ಮುಂಚೆ ಎತ್ತುಗಳಿಗೆ ಜೂಲ (ಬೆನ್ನಿಗೆ ಹೊದಿಸುವ ಅಲಂಕಾರದ ಬಟ್ಟೆ) ಹಾಕಿ, ವಾದ್ಯದ ಸದ್ದಿನಲ್ಲಿ ಒಮ್ಮೆ ನಡೆಸಿ ನೋಡಿ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ಕಾನೂನು ಬಿಡಲ್ಲ, ಹೊಲವಾದರೂ ಅಷ್ಟೇ.

ಮದುವೆ ಮುಗಿದ ಮೇಲೆ

ಹಂದರ ಬಿಚ್ಚುವ ದಿನ ನೀವೇ ಅಲ್ಲಿರಿ. ಮೊಳೆ, ತಂತಿ ತುಂಡು ಹೊಲದಲ್ಲಿ ಉಳಿದರೆ ಎತ್ತಿನ ಗೊರಸಿಗೆ, ಟ್ರ್ಯಾಕ್ಟರ್ ಟಯರಿಗೆ ಹೊಕ್ಕುತ್ತವೆ. ಹಳೆಯ ಸ್ಪೀಕರಿನ ಅಯಸ್ಕಾಂತ ಹಗ್ಗಕ್ಕೆ ಕಟ್ಟಿ ಎಳೆದಾಡಿದರೆ ಬಹಳಷ್ಟು ಸಿಗುತ್ತವೆ. ಎರೆ ಹೊಲದ ಮೇಲೆ ಗರಸು ಹಾಸಿದ್ದರೆ ಅದನ್ನು ಕೆರೆದು ದಾರಿಗೆ ಹಾಕಿಸಿ, ಹೊಲದಲ್ಲಿ ಬಿಡಬೇಡಿ. ಉರುಳಿಸಿ ಗಟ್ಟಿ ಮಾಡಿದ ನೆಲದಲ್ಲಿ ತೊಗರಿಯ ಬೇರು ಇಳಿಯಲ್ಲ. ಮುಂಗಾರು ಬರುವ ಮುಂಚೆ ಆ ತುಂಡಿಗೆ ಆಳವಾಗಿ ರಂಟೆ ಹೊಡೆಸಿ, ಹೆಂಟೆ ಬಿಸಿಲಿಗೆ ಕಾಯಲಿ. ರೋಟಾವೇಟರ್ ಬೇಕೇ ಬೇಕು ಅಂದಿದ್ದವರನ್ನು ಈಗ ಕರೆಯಬಹುದು.