ಅರ್ಜಿ ಫಾರಂ, ಕೋಳಿ ಫಾರಂ ಮತ್ತು ಬ್ಯಾಟ್ಸ್‌ಮನ್ ಫಾರ್ಮ್

ಅರ್ಜಿಗೂ ಫಾರಂ ಅನ್ನುತ್ತೇವೆ, ಕೋಳಿ ಸಾಕುವ ಜಾಗಕ್ಕೂ ಫಾರಂ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಇವೆರಡೂ ಬೇರೆ ಪದ. ಅರ್ಜಿಗೆ ಎಫ್ ಆದ ಮೇಲೆ ಓ, ಕೋಳಿಗೆ ಎ. ಹೇಳುವಾಗ ಮೊದಲನೆಯದಕ್ಕೆ ತುಟಿ ದುಂಡಗಿರಲಿ, ಎರಡನೆಯದಕ್ಕೆ ಬಾಯಿ ಅಗಲವಾಗಲಿ.

ಇದಕ್ಕಿಂತ ಜಾಸ್ತಿ ಕಾಡುವುದು ‘ಫ್ರಂ’. ಅರ್ಜಿಯ ‘ಫಾರ್ಮ್’ನಲ್ಲಿರುವ ಅಕ್ಷರಗಳೇ ನಾಲ್ಕು, ಆರ್ ಮತ್ತು ಓ ಜಾಗ ಬದಲಾಯಿಸಿಕೊಂಡಿರುತ್ತವೆ, ಅಷ್ಟೇ. ನಾನೊಮ್ಮೆ ರಜೆ ಚೀಟಿಯಲ್ಲಿ ‘ಫ್ರಂ’ ಬದಲು ‘ಫಾರ್ಮ್’ ಅಂತ ಟೈಪ್ ಮಾಡಿ ಕಳಿಸಿದ್ದೆ. ಎರಡೂ ಸರಿಯಾದ ಪದಗಳೇ ಆದ್ದರಿಂದ ಸ್ಪೆಲ್‌ಚೆಕ್ ಕೆಂಪು ಗೆರೆ ಎಳೆಯಲಿಲ್ಲ. ಹಾಗಾಗಿ ಮೇಲ್ ಕಳಿಸುವ ಮುಂಚೆ ‘ಫಾರ್ಮ್’ ಪದವನ್ನೊಮ್ಮೆ ಹುಡುಕಿ ನೋಡಿ.

ಓ ಇರುವ ‘ಫಾರ್ಮ್’ ಪದದ ಮೂಲ ಅರ್ಥ ಆಕಾರ, ರೂಪ. ನೀರಿನ ಗಟ್ಟಿ ‘ಫಾರ್ಮ್’ ಮಂಜುಗಡ್ಡೆ. ಕ್ರಿಯಾಪದವಾದರೆ ರೂಪುಗೊಳ್ಳು, ಕಟ್ಟು: ಮೋಡ ‘ಫಾರ್ಮ್’ ಆಗುತ್ತದೆ, ಸಂಘ ‘ಫಾರ್ಮ್’ ಮಾಡುತ್ತೇವೆ. ಬ್ಯಾಟ್ಸ್‌ಮನ್ ಫಾರ್ಮ್‌ನಲ್ಲಿದ್ದಾನೆ ಅಂದರೆ ಸದ್ಯ ಚೆನ್ನಾಗಿ ಆಡುತ್ತಿದ್ದಾನೆ ಅಂತ. ಇದು ನಮಗೆ ಹೇಳಿಕೊಡಬೇಕಾ! ಇಂಗ್ಲೆಂಡಿನಲ್ಲಿ ಮಕ್ಕಳು ‘ಸಿಕ್ಸ್ತ್ ಫಾರ್ಮ್’ ಅಂದರೆ ಆರನೇ ಕ್ಲಾಸ್ ಅಂದುಕೊಳ್ಳಬೇಡಿ. ಅದು 16ರಿಂದ 18 ವರ್ಷದವರ ಓದು, ಸುಮಾರಾಗಿ ನಮ್ಮ ಪಿಯುಸಿ.

ಇನ್ನು ಅರ್ಜಿಯ ವಿಷಯ. ಮತದಾರರ ಪಟ್ಟಿಗೆ ಹೊಸದಾಗಿ ಸೇರಲು ಫಾರಂ 6, ವಿಳಾಸ ಬದಲಿಸಲು ಅಥವಾ ತಿದ್ದುಪಡಿಗೆ ಫಾರಂ 8. ತುಂಬುವುದಕ್ಕೆ ಬ್ರಿಟಿಷರು ‘ಫಿಲ್ ಇನ್’ ಅಂತಾರೆ, ಅಮೆರಿಕದವರು ‘ಫಿಲ್ ಔಟ್’. ನಾವು ‘ಫಿಲ್ ಅಪ್’ ಅಂತೀವಲ್ಲ, ಹೊರಗಿನವರ ಕಿವಿಗೆ ಅದು ಪೆಟ್ರೋಲ್ ಟ್ಯಾಂಕ್ ತುಂಬಿಸಿದ ಹಾಗೆ ಕೇಳಬಹುದು. ಆದರೂ ಅರ್ಥವಾಗುತ್ತೆ ಬಿಡಿ.